ಕಂಬರ್‌ಲ್ಯಾಂಡ್ ದ್ವೀಪದಲ್ಲಿ ಟೆಂಟ್ ಹಾಕೋದು ಹೇಗೆ: ಬುಕಿಂಗಿಂದ ವಾಪಸ್ ದೋಣಿ ಹತ್ತೋವರೆಗೆ

ಅಟ್ಲಾಂಟಾ, ಜ್ಯಾಕ್ಸನ್‌ವಿಲ್ ಕಡೆ ಇರೋ ನಮ್ಮವರು ಲಾಂಗ್ ವೀಕೆಂಡ್ ಹತ್ರ ಬಂತು ಅಂದ್ರೆ ಸಾಕು ಕೇಳೋದು ಒಂದೇ ಪ್ರಶ್ನೆ, "ಆ ಕುದುರೆಗಳಿರೋ ದ್ವೀಪಕ್ಕೆ ಹೋಗೋದು ಹೇಗೆ, ರಾತ್ರಿ ಅಲ್ಲೇ ಉಳ್ಕೋಬಹುದಾ?" ಉಳ್ಕೋಬಹುದು. ಒಬ್ಬೊಬ್ಬರಿಗೂ ಬೇರೆ ಬೇರೆ ಮೆಸೇಜ್ ಹಾಕಿ ಹಾಕಿ ಸಾಕಾಯ್ತು, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಡ್ತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಜಾಗದ ಪರಿಚಯ. ಕಂಬರ್‌ಲ್ಯಾಂಡ್ ಇರೋದು ಅಮೆರಿಕದ ಜಾರ್ಜಿಯಾ ರಾಜ್ಯದ ದಕ್ಷಿಣ ತುದಿಯಲ್ಲಿ, ಅಲ್ಲಿಂದ ಕೆಳಗೆ ಫ್ಲೋರಿಡಾ ಶುರು. ಉದ್ದ ಸುಮಾರು 17.5 ಮೈಲಿ, ಅಂದ್ರೆ 28 ಕಿಲೋಮೀಟರ್. 1972ರಲ್ಲಿ ಇದನ್ನ ನ್ಯಾಷನಲ್ ಸೀಶೋರ್ ಮಾಡಿದ್ರು, ಅಂದ್ರೆ ನ್ಯಾಷನಲ್ ಪಾರ್ಕ್ ತರಾನೇ ಕೇಂದ್ರ ಸರ್ಕಾರ ಕಾಯೋ ಕಡಲತೀರ. 1982ರಲ್ಲಿ ಉತ್ತರ ಭಾಗದ ದೊಡ್ಡ ತುಂಡನ್ನ ವೈಲ್ಡರ್‌ನೆಸ್ ಅಂತ ಘೋಷಣೆ ಮಾಡಿದ್ರು. ವೈಲ್ಡರ್‌ನೆಸ್ ಅಂದ್ರೆ ಬರೀ ಕಾಡು ಅಂತಲ್ಲ, ಹೊಸ ಕಟ್ಟಡ, ಹೊಸ ರಸ್ತೆ ಏನೂ ಬರದ ಹಾಗೆ ಕಾನೂನೇ ಬೇಲಿ ಹಾಕಿರೋ ಕಾಡು. ದ್ವೀಪಕ್ಕೆ ಸೇತುವೆ ಇಲ್ಲ, ಅಂಗಡಿ ಇಲ್ಲ, ನಮ್ಮ ನಿಮ್ಮಂಥವರು ನುಗ್ಗಿ ಒಂದು ಕಾಫಿ ಕುಡಿಯೋ ಜಾಗ ಇಲ್ಲ, ಕಸದ ಡಬ್ಬಿ ಸಹ ಇಲ್ಲ. ಹಾಗಾಗಿ ಈ ಟ್ರಿಪ್ ಚೆನ್ನಾಗಾಗುತ್ತೋ ಕೆಡುತ್ತೋ ಅನ್ನೋದು ಮನೇಲಿ ಬ್ಯಾಗ್ ತುಂಬೋವಾಗ್ಲೇ ನಿರ್ಧಾರ ಆಗಿರುತ್ತೆ, ದೋಣಿ ಇಳಿದ ಮೇಲೆ ಸರಿ ಮಾಡ್ಕೊಳ್ತೀನಿ ಅನ್ನೋ ಮಾತು ಅಲ್ಲಿ ನಡೆಯಲ್ಲ.

1. ಯಾವ ತಿಂಗಳು ಅಂತ ಮೊದಲು ನೋಡಿ

ಮಾರ್ಚ್ ಏಪ್ರಿಲ್ ಮತ್ತೆ ಅಕ್ಟೋಬರ್ ನವೆಂಬರ್ ಚೆನ್ನಾಗಿರುತ್ತೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಂಗಳೂರಿನ ಮೇ ತಿಂಗಳನ್ನ ನೆನೆಸ್ಕೊಳ್ಳಿ, ಅದೇ ಅಂಟು ಸೆಕೆ, ಮೇಲಿಂದ ಮಧ್ಯಾಹ್ನದ ಗುಡುಗು ಮಳೆ, ಸೊಳ್ಳೆ, ಜೊತೆಗೆ ನುಸಿ. ಈ ನುಸಿಯನ್ನ ಇಲ್ಲಿನವರು ನೋಸೀಯಮ್ ಅಂತಾರೆ, ಕಣ್ಣಿಗೆ ಕಾಣಿಸೋದೇ ಇಲ್ಲ, ಕಚ್ಚಿದ್ದು ಮಾತ್ರ ಮೂರು ದಿನ ತುರಿಸುತ್ತೆ. ಚಳಿಗಾಲದಲ್ಲಿ ಹುಳ ಕಮ್ಮಿ, ಜನಾನೂ ಕಮ್ಮಿ, ಆದ್ರೆ ರಾತ್ರಿ ಚಳಿ ಕೆಲವು ಸಲ ನೀರು ಹೆಪ್ಪುಗಟ್ಟೋ ಹತ್ರ ಹೋಗುತ್ತೆ, ದೋಣಿನೂ ವಾರದ ಎಲ್ಲಾ ದಿನ ಓಡಲ್ಲ.

ಬೇಸಿಗೆ ಮುಗಿದ ಮೇಲೆ, ಚಳಿಗಾಲ ಮುಗಿಯೋವರೆಗೆ ಕೆಲವು ದಿನ ಅಲ್ಲಿ ಪಾರ್ಕಿನವರೇ ಅನುಮತಿ ಕೊಟ್ಟು ನಡೆಸೋ ಬೇಟೆ ಇರುತ್ತೆ, ಹಂದಿ ಮತ್ತೆ ಜಿಂಕೆದು. ಆ ದಿನ ಉತ್ತರದ ಕಾಡಿಗೆ ಬೇಟೆಗಾರರನ್ನ ಬಿಟ್ಟು ಬೇರೆಯವರು ಹೋಗೋ ಹಾಗಿಲ್ಲ. ಪಾರ್ಕಿನ ವೆಬ್‌ಸೈಟಲ್ಲಿ ತಾರೀಕು ಹಾಕಿರ್ತಾರೆ, ರಜೆ ಅಪ್ಲೈ ಮಾಡೋಕೆ ಮುಂಚೆ ಅದನ್ನ ನೋಡಿ.

2. ಯಾವ ಕ್ಯಾಂಪ್ ಅಂತ ಪ್ರಾಮಾಣಿಕವಾಗಿ ಯೋಚನೆ ಮಾಡಿ

ಒಟ್ಟು ಐದು ಕ್ಯಾಂಪ್ ಜಾಗ ಇದೆ. ದೋಣಿ ಇಳಿಯೋ ಸೀ ಕ್ಯಾಂಪ್ ಕಟ್ಟೆಯಿಂದ ನಡಿಗೆ ಲೆಕ್ಕ ಹೀಗಿದೆ: ಸೀ ಕ್ಯಾಂಪ್ ಅರ್ಧ ಮೈಲಿ, ಸ್ಟ್ಯಾಫರ್ಡ್ ಬೀಚ್ ಸುಮಾರು 3.5 ಮೈಲಿ, ಹಿಕರಿ ಹಿಲ್ 5.5, ಯಾಂಕಿ ಪ್ಯಾರಡೈಸ್ 7.5, ಬ್ರಿಕ್‌ಹಿಲ್ ಬ್ಲಫ್ 10.5. ಕೊನೆಯ ಮೂರು ವೈಲ್ಡರ್‌ನೆಸ್ ಒಳಗಿನವು.

ಸೀ ಕ್ಯಾಂಪಲ್ಲಿ ಕುಡಿಯೋ ನೀರು, ಫ್ಲಶ್ ಟಾಯ್ಲೆಟ್ಟು, ತಣ್ಣೀರಿನ ಶವರ್ ಇದೆ, ಬೆಂಕಿ ಹಾಕ್ಬಹುದು, ಮರದ ಹಲಗೆ ಹಾದಿ ಹಿಡಿದು ಐದು ನಿಮಿಷ ನಡೆದ್ರೆ ಸಮುದ್ರ. ಲೈವ್ ಓಕ್ ಮರಗಳು ಕೊಂಬೆಗಳನ್ನ ನೆಲದವರೆಗೆ ಬಗ್ಗಿಸ್ಕೊಂಡು ಚಪ್ಪರ ಹಾಕಿದ ಹಾಗೆ ನಿಂತಿರ್ತವೆ, ಮೇಲಿಂದ ಸ್ಪ್ಯಾನಿಷ್ ಮಾಸ್ ಅನ್ನೋ ಬೂದು ಬಣ್ಣದ ಗಡ್ಡ ಇಳಿಬಿದ್ದಿರುತ್ತೆ, ಒಂದು ಟೆಂಟಿಗೂ ಇನ್ನೊಂದಕ್ಕೂ ಮಧ್ಯೆ ಗರಿಗಿಡದ ಗೋಡೆ. ಮೊದಲ ಸಲ ಹೋಗೋರು, ಮಕ್ಕಳಿರೋರು, ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಕಣ್ಣು ಮುಚ್ಕೊಂಡು ಇದನ್ನೇ ತಗೊಳ್ಳಿ.

ಸ್ಟ್ಯಾಫರ್ಡಲ್ಲೂ ಟಾಯ್ಲೆಟ್ಟು, ಶವರ್, ಬೆಂಕಿಗೆ ಜಾಗ ಇದೆ, ಆದ್ರೆ ನೀರನ್ನ ಶುದ್ಧ ಮಾಡ್ಕೊಂಡೇ ಕುಡೀಬೇಕು. ವೈಲ್ಡರ್‌ನೆಸ್ಸಿನ ಮೂರು ಕಡೆ ಟಾಯ್ಲೆಟ್ಟೂ ಇಲ್ಲ ಬೆಂಕಿನೂ ಹಾಕೋ ಹಾಗಿಲ್ಲ, ಗ್ಯಾಸ್ ಸ್ಟವ್ ಮಾತ್ರ. ನೀರು ಹತ್ತಿರದ ಬಾವಿಯಿಂದ, ಅದು ಗಂಧಕದ ವಾಸನೆ ಹೊಡೆಯುತ್ತೆ, ಫಿಲ್ಟರ್ ಮಾಡಿದ್ರೂ ವಾಸನೆ ಪೂರ್ತಿ ಹೋಗಲ್ಲ, ಒಂದು ಪೊಟ್ಟಣ ನಿಂಬೆ ಶರಬತ್ ಪುಡಿ ಇಟ್ಕೊಂಡ್ರೆ ಬಚಾವ್.

ಇಲ್ಲಿ ಎಲ್ಲರೂ ಮಾಡೋ ತಪ್ಪು ಏನಂದ್ರೆ "3.5 ಮೈಲಿ ತಾನೇ, ದಿನಾ ವಾಕಿಂಗ್ ಅಷ್ಟು ಹೋಗ್ತೀನಿ" ಅಂತ ಸ್ಟ್ಯಾಫರ್ಡ್ ಬುಕ್ ಮಾಡೋದು. ವಾಕಿಂಗಲ್ಲಿ ಬೆನ್ನ ಮೇಲೆ 12 ಕಿಲೋ ಇರಲ್ಲ, ಕಾಲ ಕೆಳಗೆ ಮರಳೂ ಇರಲ್ಲ. ಸೈಕಲ್ ನಂಬ್ಕೊಂಡೂ ಕಾಡೊಳಗಿನ ಕ್ಯಾಂಪ್ ತಗೋಬೇಡಿ, ವೈಲ್ಡರ್‌ನೆಸ್ ಟ್ರೈಲಲ್ಲಿ ಸೈಕಲ್ ಬಿಡಲ್ಲ. ಬೀಚ್ ಮೇಲೇ ಟೆಂಟ್ ಹಾಕಬಹುದಾ ಅಂತ ಕೇಳ್ತಾರೆ. ಇಲ್ಲ, ಎಲ್ಲೂ ಇಲ್ಲ, ಯಾವ ಕಾಲದಲ್ಲೂ ಇಲ್ಲ.

3. ಬುಕಿಂಗ್: ಇದು ಮೂರು ಬೇರೆ ಬೇರೆ ಕೆಲಸ

ದಯವಿಟ್ಟು ಇದನ್ನ ಎರಡು ಸಲ ಓದಿ. ಕ್ಯಾಂಪ್ ಜಾಗ ಬೇರೆ, ದೋಣಿ ಟಿಕೆಟ್ ಬೇರೆ, ಪ್ರವೇಶ ಶುಲ್ಕ ಬೇರೆ. ಒಂದನ್ನ ತಗೊಂಡ್ರೆ ಇನ್ನೊಂದು ತಾನಾಗೇ ಬರಲ್ಲ.

ಕ್ಯಾಂಪ್ ಜಾಗ ಸಿಗೋದು ರಿಕ್ರಿಯೇಶನ್ ಡಾಟ್ ಗವ್ ಅನ್ನೋ ಸರ್ಕಾರಿ ಸೈಟಲ್ಲಿ, ಆರು ತಿಂಗಳು ಮುಂಚೆ ಓಪನ್ ಆಗುತ್ತೆ, ವಸಂತಕಾಲದ ಶನಿವಾರ ಭಾನುವಾರಗಳಂತೂ ತತ್ಕಾಲ್ ಟಿಕೆಟ್ ಇದ್ದ ಹಾಗೆ, ಕೈ ಇಡೋದ್ರಲ್ಲಿ ಖಾಲಿ. ದೋಣಿ ನಡೆಸೋದು ಪಾರ್ಕಿನಿಂದ ಗುತ್ತಿಗೆ ಪಡೆದ ಖಾಸಗಿಯವರು, ಅದಕ್ಕೆ ಅವರದ್ದೇ ಬೇರೆ ಸೈಟು, ಬೇರೆ ಫೋನ್ ನಂಬರ್. ಪ್ರವೇಶ ಶುಲ್ಕ ತಲೆಗೆ 15 ಡಾಲರ್, ಏಳು ದಿನ ನಡೆಯುತ್ತೆ, 15 ವರ್ಷದವರೆಗಿನ ಮಕ್ಕಳಿಗೆ ಇಲ್ಲ. ನಿಮ್ಮ ಹತ್ರ ನ್ಯಾಷನಲ್ ಪಾರ್ಕುಗಳ ವಾರ್ಷಿಕ ಪಾಸ್ ಇದ್ರೆ ಅದು ಪ್ರವೇಶಕ್ಕೆ ಮಾತ್ರ ನಡೆಯುತ್ತೆ, ದೋಣಿಗೂ ಕ್ಯಾಂಪಿಗೂ ದುಡ್ಡು ಕೊಡ್ಲೇಬೇಕು.

ಕ್ರಮ ಹೀಗಿರಲಿ. ಎರಡು ಟ್ಯಾಬ್ ಓಪನ್ ಮಾಡಿ, ಒಂದ್ರಲ್ಲಿ ದೋಣಿ ಇನ್ನೊಂದ್ರಲ್ಲಿ ಕ್ಯಾಂಪ್, ಹೋಗೋ ದಿನ ಬರೋ ದಿನ ಎರಡಕ್ಕೂ ದೋಣೀಲಿ ಸೀಟ್ ಇದೆಯಾ ನೋಡ್ಕೊಂಡು ಕ್ಯಾಂಪ್ ಬುಕ್ ಮಾಡಿ, ಅದು ಕನ್ಫರ್ಮ್ ಆದ ಕೂಡ್ಲೇ ಏಳದೆ ಅಲ್ಲೇ ಕೂತು ದೋಣಿನೂ ಮುಗಿಸಿ. ಕ್ಯಾಂಪ್ ಸಿಕ್ತು ಅಂತ ಖುಷೀಲಿ ಎರಡು ವಾರ ಬಿಟ್ಟು ದೋಣಿ ನೋಡೋಕೆ ಹೋಗಿ, ಸೀಟಿಲ್ಲದೆ ಇಡೀ ಟ್ರಿಪ್ ಕ್ಯಾನ್ಸಲ್ ಮಾಡಿದೋರು ನನಗೆ ಗೊತ್ತಿರೋರೇ ಇದ್ದಾರೆ. ದ್ವೀಪಕ್ಕೆ ದಿನಕ್ಕೆ ಸುಮಾರು 300 ಜನರನ್ನ ಮಾತ್ರ ಬಿಡೋದು ಅನ್ನೋ ಲೆಕ್ಕ 1984ರ ಪಾರ್ಕ್ ಯೋಜನೆಯಿಂದ ಬಂದಿದ್ದು. ಬೀಚಲ್ಲಿ ಅರ್ಧ ಗಂಟೆ ನಡೆದ್ರೂ ಎದುರಿಗೆ ಒಂದು ನರಪಿಳ್ಳೆ ಸಿಗದೆ ಇರೋದೂ ಅದೇ ಕಾರಣಕ್ಕೆ, ನಿಮಗೆ ಸೀಟು ಸಿಗದೆ ಇರೋದೂ ಅದೇ ಕಾರಣಕ್ಕೆ.

ನಾಯಿ ಸಾಕಿರೋರಿಗೆ: ದೋಣೀಲಿ ಸಾಕುಪ್ರಾಣಿ ಬಿಡಲ್ಲ.

4. ಬ್ಯಾಗ್ ತುಂಬೋದು

ಟೆಂಟು, ಮಲಗೋ ಮ್ಯಾಟು, ಚಾದರ ಇದೆಲ್ಲಾ ನಿಮಗೆ ಗೊತ್ತಿರೋದೇ, ಅದನ್ನ ಬಿಟ್ಟು ಈ ದ್ವೀಪಕ್ಕೆ ವಿಶೇಷವಾಗಿ ಬೇಕಾಗಿರೋದನ್ನ ಮಾತ್ರ ಹೇಳ್ತೀನಿ.

ಟೆಂಟಿನ ಬಲೆ ಸಣ್ಣ ಕಣ್ಣಿಂದು ಇರ್ಬೇಕು, ದೊಡ್ಡ ಕಣ್ಣಿನ ಸೊಳ್ಳೆಪರದೆ ನುಸಿಗೆ ಹೆಬ್ಬಾಗಿಲು. ಮಾಮೂಲಿ ತೆಳು ಗೂಟ ಮರಳಲ್ಲಿ ನಿಲ್ಲಲ್ಲ, ಅಗಲದ್ದು ತನ್ನಿ, ಇಲ್ಲಾಂದ್ರೆ ಬಿದ್ದಿರೋ ಕಡ್ಡಿಗೆ ಹಗ್ಗ ಕಟ್ಟಿ ಅಡ್ಡ ಹೂತುಬಿಡಿ, ಗಾಳಿ ಬಂದ್ರೂ ಕೀಳಲ್ಲ. ಹುಳದ ಸ್ಪ್ರೇ, ತಿಳಿ ಬಣ್ಣದ ಉದ್ದ ಪ್ಯಾಂಟು, ಪ್ಯಾಂಟಿನ ಮೇಲೆ ಎಳ್ಕೊಳ್ಳೋ ಉದ್ದ ಸಾಕ್ಸು. ತಿಳಿ ಬಣ್ಣ ಯಾಕಂದ್ರೆ ಉಣುಗು. ಮಲೆನಾಡಿನವರಿಗೆ ಉಣುಗಿನ ಬಗ್ಗೆ ಪಾಠ ಹೇಳೋದು ಬೇಡ, ಬೇರೆಯವರಿಗೆ ಹೇಳೋದಾದ್ರೆ ದನ ನಾಯಿ ಮೈಗೆ ಅಂಟ್ಕೊಂಡು ರಕ್ತ ಹೀರುತ್ತಲ್ಲ ಅದೇ, ಇಲ್ಲಿ ವರ್ಷಪೂರ್ತಿ ಇರುತ್ತೆ, ಕಪ್ಪು ಪ್ಯಾಂಟ್ ಮೇಲೆ ಹತ್ತಿದ್ರೆ ಕಾಣಿಸಲ್ಲ.

ತಲೆಗೆ ಕಟ್ಟೋ ಟಾರ್ಚಲ್ಲಿ ಕೆಂಪು ಬೆಳಕಿನ ಬಟನ್ ಇರೋದನ್ನೇ ತಗೊಳ್ಳಿ, ಯಾಕೆ ಅಂತ ಮುಂದೆ ಹೇಳ್ತೀನಿ. ಗ್ಯಾಸ್ ಡಬ್ಬಿ, ಇದ್ದಿಲು, ಬೆಂಕಿ ಹೊತ್ತಿಸೋ ದ್ರವ ಇವಕ್ಕೆ ದೋಣಿಯವರ ನಿಯಮ ಇರುತ್ತೆ, ಬುಕ್ ಮಾಡೋವಾಗ್ಲೇ ಓದ್ಕೊಳ್ಳಿ, ಕಟ್ಟೇಲಿ ನಿಂತು ವಾದ ಮಾಡಿ ಪ್ರಯೋಜನ ಇಲ್ಲ.

ಊಟದ ವಿಷಯಕ್ಕೆ ನಮ್ಮವರು ಸುಮ್ನೆ ತಲೆ ಕೆಡಿಸ್ಕೊಳ್ತಾರೆ. ಮೊದಲ ದಿನಕ್ಕೆ ಚಪಾತಿ ಪಲ್ಯ ಮಾಡ್ಕೊಂಡೇ ಬನ್ನಿ. ಎರಡನೇ ದಿನಕ್ಕೆ ಒಗ್ಗರಣೆ ಹಾಕಿಟ್ಟ ಒಣ ಅವಲಕ್ಕಿ, ಹುರಿದಿಟ್ಟ ಉಪ್ಪಿಟ್ಟಿನ ರವೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಇವೆಲ್ಲಾ ಹಗುರ, ಬಿಸಿನೀರು ಒಂದಿದ್ರೆ ಆಯ್ತು, ತೊಳೆಯೋ ಪಾತ್ರೆನೂ ಕಮ್ಮಿ. ಕುಕ್ಕರ್ ತರ್ತೀನಿ ಅನ್ನೋರಿಗೆ ಕೈ ಮುಗಿದೆ. ಮನೇಲೇ ಹೊರಗಿನ ಪ್ಯಾಕಿಂಗ್ ಎಲ್ಲಾ ಬಿಚ್ಚಿ ಎಸೆದು ಜಿಪ್ ಕವರಿಗೆ ಹಾಕಿ ತನ್ನಿ, ಯಾಕಂದ್ರೆ ಅಲ್ಲಿ ಮಾಡಿದ ಕಸ ಅಷ್ಟೂ, ಬಾಳೆಹಣ್ಣಿನ ಸಿಪ್ಪೆ ಸೇರಿ, ವಾಪಸ್ ನಿಮ್ಮ ಜೊತೆನೇ ದೋಣಿ ಹತ್ತುತ್ತೆ.

5. ಹೊರಡೋ ಬೆಳಿಗ್ಗೆ

ದೋಣಿ ಹೊರಡೋದು ಸೇಂಟ್ ಮೇರೀಸ್ ಅನ್ನೋ ಪುಟ್ಟ ಊರಿಂದ. ಹೆಸರು ನೋಡಿ ನಮ್ಮ ಮಲ್ಪೆ ಎದುರಿಗಿರೋ ಸೇಂಟ್ ಮೇರೀಸ್ ದ್ವೀಪ ಅಂದ್ಕೊಂಡು ಮ್ಯಾಪಲ್ಲಿ ಗೊಂದಲ ಮಾಡ್ಕೋಬೇಡಿ (ಉಡುಪಿಯ ಆ ದ್ವೀಪದಲ್ಲಿ ರಾತ್ರಿ ಉಳಿಯೋಕೆ ಬಿಡಲ್ಲ, ಅದನ್ನೂ ಕೇಳಿದ್ರು ಒಬ್ಬರು). ಅಟ್ಲಾಂಟಾದಿಂದ ಕಾರಲ್ಲಿ ಐದೂವರೆ ಆರು ಗಂಟೆ, ಜ್ಯಾಕ್ಸನ್‌ವಿಲ್ ಏರ್‌ಪೋರ್ಟಿಂದ ಮುಕ್ಕಾಲು ಗಂಟೆ. ಅಟ್ಲಾಂಟಾದವರು ರಾತ್ರಿಯೆಲ್ಲಾ ಡ್ರೈವ್ ಮಾಡ್ಕೊಂಡು ಬಂದು ನೇರ ದೋಣಿ ಹತ್ತೋ ಪ್ಲಾನ್ ಹಾಕಬೇಡಿ, ಹಿಂದಿನ ದಿನಾನೇ ಬಂದು ಹತ್ತಿರದಲ್ಲಿ ಮಲಗಿ.

ಸಾಮಾನ್ಯವಾಗಿ ಬೆಳಿಗ್ಗೆ 9ಕ್ಕೆ ಒಂದು, 11.45ಕ್ಕೆ ಒಂದು ದೋಣಿ, ಸೀಸನ್ ಮೇಲೆ ಬದಲಾಗುತ್ತೆ, ಟಿಕೆಟಲ್ಲಿ ಇರೋ ಟೈಮೇ ಸತ್ಯ. ಒಂದು ಗಂಟೆ ಮುಂಚೆನೇ ಕಟ್ಟೆ ಹತ್ರ ಇರಿ, ಹಾಜರಿ ಕೊಡ್ಬೇಕು, ತಡ ಆದ್ರೆ ನಿಮ್ಮ ಸೀಟು ಕಾಯ್ತಾ ನಿಂತಿರೋರಿಗೆ ಹೋಗುತ್ತೆ. ಟಾಯ್ಲೆಟ್ಟು, ಬಾಟಲಿಗೆ ನೀರು ಎರಡೂ ಇಲ್ಲೇ ಮುಗಿಸಿ.

ಮುಕ್ಕಾಲು ಗಂಟೆ ಪ್ರಯಾಣ. ದಾರೀಲಿ ಎರಡೂ ಕಡೆ ಜೌಗು ಹುಲ್ಲು, ಡಾಲ್ಫಿನ್ ಬಂದ್ರೂ ಬರಬಹುದು. ದ್ವೀಪದಲ್ಲಿ ಎರಡು ಸ್ಟಾಪ್, ಮೊದಲು ಡಂಜನೆಸ್, ಆಮೇಲೆ ಸೀ ಕ್ಯಾಂಪ್. ಕ್ಯಾಂಪ್ ಮಾಡೋರು ಇಳಿಯೋದು ಎರಡನೇದರಲ್ಲಿ. ಜನ ಇಳೀತಿದ್ದಾರೆ ಅಂತ ಮೊದಲನೇದ್ರಲ್ಲೇ ಇಳಿದ್ರೆ ಲಗೇಜ್ ಹೊತ್ಕೊಂಡು ಒಂದು ಮೈಲಿ ಸುಮ್ನೆ ಬೋನಸ್.

6. ಇಳಿದ ಮೇಲೆ

ರೇಂಜರ್ ಒಬ್ಬರು ಎಲ್ಲಾ ಕ್ಯಾಂಪರ್‌ಗಳನ್ನ ಕೂರಿಸ್ಕೊಂಡು ನಿಯಮ ಹೇಳ್ತಾರೆ, ಇದು ಕಡ್ಡಾಯ. ಇಲ್ಲೇ ಕೇಳ್ಬೇಕಾದ್ದು ಕೇಳ್ಕೊಳ್ಳಿ: ಯಾವ ಬಾವಿ ಕೆಲಸ ಮಾಡ್ತಿದೆ, ಬೆಂಕಿಗೆ ನಿಷೇಧ ಇದೆಯಾ, ಯಾವ ಟ್ರೈಲಲ್ಲಿ ನೀರು ನಿಂತಿದೆ. ಮ್ಯಾಪ್ ಪೇಪರಿಂದೇ ತಗೊಳ್ಳಿ, ಮೊಬೈಲ್ ಸಿಗ್ನಲ್ ಒಂದು ಕಡೆ ಇದ್ರೆ ಹತ್ತು ಕಡೆ ಇರಲ್ಲ. ಸೀ ಕ್ಯಾಂಪಿನವರಿಗೆ ಲಗೇಜ್ ತಳ್ಳೋಕೆ ಕೈಗಾಡಿ ಇರುತ್ತೆ, ಆದ್ರೆ ಎಲ್ಲರಿಗೂ ಸಾಲಲ್ಲ, ಅದನ್ನ ಸ್ಟ್ಯಾಫರ್ಡ್‌ವರೆಗೆ ತಳ್ಕೊಂಡು ಹೋಗೋ ಹಾಗೂ ಇಲ್ಲ.

ಟೆಂಟ್ ಹಾಕೋಕೆ ಮುಂಚೆ ಮೇಲೆ ನೋಡಿ, ಒಣಗಿದ ಕೊಂಬೆ ಕೆಳಗೆ ಬೇಡ.

7. ರಕೂನ್ ಮತ್ತೆ ಊಟದ ಬ್ಯಾಗು

ಇದಕ್ಕೆ ಬೇರೆ ನಂಬರೇ ಕೊಟ್ಟಿದ್ದೀನಿ, ಅಷ್ಟು ಕಾಟ. ರಕೂನ್ ಅಂದ್ರೆ ಬೆಕ್ಕಿಗಿಂತ ದೊಡ್ಡ, ಕಣ್ಣಿಗೆ ಕಳ್ಳನ ಪಟ್ಟಿ ಕಟ್ಕೊಂಡಿರೋ ಪ್ರಾಣಿ, ಮುಂಗಾಲಿನ ಬೆರಳು ಮಂಗನ ಕೈ ತರ. ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ: ಬೆಂಚಿನ ಮೇಲೆ ಬಿಟ್ಟಿದ್ದ ಬ್ಯಾಗಿನ ಜಿಪ್ಪಿನ ತುದಿಯನ್ನ ಎರಡೂ ಕೈಯಲ್ಲಿ ಹಿಡಿದು, ನನ್ನ ಮುಖಾನೇ ನೋಡ್ತಾ, ಮೆಲ್ಲಗೆ ಎಳೀತು. ಅವಲಕ್ಕಿ ಮುಟ್ಲಿಲ್ಲ, ಕೋಡುಬಳೆ ಕವರ್ ಎತ್ಕೊಂಡು ಹೋಯ್ತು.

ಸೀ ಕ್ಯಾಂಪಲ್ಲಿ ಪ್ರತಿ ಜಾಗಕ್ಕೂ ಬಲೆ ಹೊಡೆದ ಊಟದ ಪೆಟ್ಟಿಗೆ ಇದೆ. ಊಟ, ಕಸ, ಟೂತ್‌ಪೇಸ್ಟು, ಸೋಪು, ವಾಸನೆ ಬರೋದು ಏನಿದ್ರೂ ಅದರೊಳಗೆ. ಕಾಡಿನ ಕ್ಯಾಂಪಲ್ಲಿ ಹಗ್ಗ ಕಟ್ಟಿ ಎತ್ತರಕ್ಕೆ ನೇತು ಹಾಕ್ಬೇಕು, ಅದಕ್ಕೆ 15 ಮೀಟರ್ ಹಗ್ಗ ಇಟ್ಕೊಳ್ಳಿ. ಟೆಂಟ್ ಒಳಗೆ ಒಂದು ಬಿಸ್ಕೆಟ್ ಪ್ಯಾಕ್ ಇದ್ರೂ ರಾತ್ರಿ ಟೆಂಟಿಗೆ ಹೊಸ ಕಿಟಕಿ ಬರುತ್ತೆ.

8. ಕುದುರೆ, ಮರಳುದಿಬ್ಬ, ಆಮೆ

ಕುದುರೆಗಳು ನೂರರ ಮೇಲಿವೆ. ನಿಜ ಹೇಳ್ಬೇಕಂದ್ರೆ ಇವು ಮೂಲದಲ್ಲಿ ಕಾಡುಕುದುರೆಗಳಲ್ಲ, ಹಿಂದೆ ಜನ ಸಾಕಿದ್ದವು ಕಾಡುಪಾಲಾಗಿ ಅಲ್ಲೇ ಬೆಳೆದ ಸಂತಾನ, ಅವಕ್ಕೆ ಮೇವು ಹಾಕೋರಿಲ್ಲ, ಡಾಕ್ಟರ್ ತೋರಿಸೋರೂ ಇಲ್ಲ, ಕೆಲವು ಬಡಕಲಾಗಿ ಕಾಣ್ತವೆ. ಪಾಪ ಅನ್ಸುತ್ತೆ, ಆದ್ರೂ ಕ್ಯಾರೆಟ್ ಹಿಡ್ಕೊಂಡು ಹೋಗಬೇಡಿ, 50 ಅಡಿ ದೂರ ಇರಿ. ಕಚ್ಚುತ್ತವೆ, ಒದೀತವೆ, ಮರಿ ಇದ್ರೆ ಇನ್ನೂ ಜೋರು. ಸೆಲ್ಫಿಗೆ ಬೆನ್ನು ತಿರುಗಿಸಿ ನಿಲ್ಲೋದು ಬೇಡ್ವೇ ಬೇಡ. ಸಿಹಿನೀರಿನ ಕೊಳಗಳಲ್ಲಿ ಮೊಸಳೆ ಜಾತಿಯ ಆಲಿಗೇಟರ್ ಇದೆ, ಪೊದೆಗಳಲ್ಲಿ ಗಿಲಕಿ ಹಾವಿದೆ, ದಾರಿ ಬಿಟ್ಟು ಪೊದೆಗೆ ಕಾಲಿಡ್ಬೇಡಿ.

ಬೀಚಿಗೆ ಹೋಗೋವಾಗ ಗುರುತು ಹಾಕಿರೋ ದಾರೀಲೇ ಮರಳುದಿಬ್ಬ ದಾಟಿ. ದಿಬ್ಬದ ಮೇಲೆ ತೆನೆ ಬಿಟ್ಟ ಹುಲ್ಲು ಕಾಣುತ್ತಲ್ಲ, ಸೀ ಓಟ್ಸ್, ಅದರ ಬೇರೇ ದಿಬ್ಬವನ್ನ ಹಿಡಿದಿಟ್ಟಿರೋದು, ಕೀಳೋದು ಅಪರಾಧ. ಬೀಚಲ್ಲಿ ಉದ್ದಕ್ಕೆ ನಡೆಯೋ ಪ್ಲಾನ್ ಇದ್ರೆ ಇಳಿತದ ಟೈಮ್ ನೋಡ್ಕೊಳ್ಳಿ. ಈ ಕಡೆ ಉಬ್ಬರ ಇಳಿತಕ್ಕೆ ಆರೇಳು ಅಡಿ ವ್ಯತ್ಯಾಸ ಬರುತ್ತೆ, ಇಳಿತದಲ್ಲಿ ಒದ್ದೆ ಮರಳು ಟಾರ್ ರಸ್ತೆ ತರ ಗಟ್ಟಿ, ಉಬ್ಬರದಲ್ಲಿ ಸಡಿಲ ಮರಳೊಂದೇ ಉಳಿಯೋದು, ಅರ್ಧ ಗಂಟೆಗೇ ಮೀನಖಂಡ ಹಿಡ್ಕೊಳ್ಳುತ್ತೆ. ಈಜೋರಿಗೆ ಕಾವಲಿಗೆ ಯಾರೂ ಇಲ್ಲ, ಸೆಳೆತ ಇರುತ್ತೆ, ಸೊಂಟದ ಮೇಲೆ ನೀರಿಗೆ ಹೋಗಬೇಡಿ.

ಮೇ ತಿಂಗಳಿಂದ ಲಾಗರ್‌ಹೆಡ್ ಅನ್ನೋ ಕಡಲಾಮೆಗಳು ರಾತ್ರಿ ಬಂದು ಮೊಟ್ಟೆ ಇಡ್ತವೆ, ಎರಡು ತಿಂಗಳ ಹತ್ರ ಆದ್ಮೇಲೆ ಮರಿ ಹೊರಗೆ ಬರುತ್ತೆ. ಮರಿಗೆ ಗೊತ್ತಿರೋದು ಒಂದೇ, ಬೆಳಕು ಜಾಸ್ತಿ ಇರೋ ದಿಕ್ಕಿಗೆ ಹೋಗೋದು, ಕತ್ತಲ ರಾತ್ರೀಲಿ ಅದು ಸಮುದ್ರದ ಕಡೆ. ನೀವು ದಿಬ್ಬದ ಹತ್ರ ಬಿಳಿ ಟಾರ್ಚ್ ಹಾಕಿದ್ರೆ ಅದು ನಿಮ್ಮ ಕಡೆ ಬರುತ್ತೆ, ಬೆಳಿಗ್ಗೆ ಬಿಸಿಲಿಗೆ ಸಾಯುತ್ತೆ. ಅದಕ್ಕೇ ಕೆಂಪು ಬೆಳಕು ಅಂದಿದ್ದು. ಹಗಲು ಮಾಡಿದ ಮರಳುಗುಂಡಿ ಸಂಜೆ ಮುಚ್ಚಿ ಬನ್ನಿ, ಮರಿ ಅದ್ರಲ್ಲಿ ಬಿದ್ರೆ ಹತ್ತಲ್ಲ.

ಮಕ್ಕಳಿಗೆ ಒಂದು ಖುಷಿ ವಿಷಯ: ಇಲ್ಲಿ ಶಾರ್ಕ್ ಹಲ್ಲು ಮತ್ತೆ ಒಳಗೆ ಜೀವ ಇಲ್ಲದ ಚಿಪ್ಪು ಮನೆಗೆ ತಗೊಂಡು ಹೋಗೋಕೆ ಅನುಮತಿ ಇದೆ. ಹಲ್ಲು ಬಿಳಿ ಇರುತ್ತೆ ಅಂತ ಹುಡುಕಿದ್ರೆ ಒಂದೂ ಸಿಗಲ್ಲ, ಅವು ಕಲ್ಲಾಗಿ ಕಪ್ಪಾಗಿರ್ತವೆ, ಉಗುರಿನಷ್ಟು, ಹೊಳಪು ಇರುತ್ತೆ. ಬೀಚಲ್ಲಷ್ಟೇ ಅಲ್ಲ, ಹೂಳೆತ್ತಿದ ಮಣ್ಣು ಹಾಕಿರೋ ದಾರಿಗಳಲ್ಲೂ ಮಳೆ ಬಂದು ನಿಂತ ಮೇಲೆ ಬಗ್ಗಿ ನೋಡಿ. ಮೂಳೆ, ಕೊಂಬು, ಹಳೇ ಇಟ್ಟಿಗೆ, ಗಿಡ ಇವನ್ನ ಮಾತ್ರ ಮುಟ್ಟೋ ಹಾಗಿಲ್ಲ.

9. ನೋಡೋಕೆ ಏನೇನಿದೆ

ದಕ್ಷಿಣದಲ್ಲಿ ಡಂಜನೆಸ್, ಕಾರ್ನೆಗಿ ಮನೆತನದವರು 1880ರ ದಶಕದಲ್ಲಿ ಕಟ್ಟಿಸಿದ ಬಂಗಲೆ, 1959ರಲ್ಲಿ ಸುಟ್ಟು ಈಗ ಗೋಡೆ ಮಾತ್ರ. ಸೀ ಕ್ಯಾಂಪಿಂದ ಆರಾಮಾಗಿ ನಡೆದು ಹೋಗಿ ಬರಬಹುದು. ಪಕ್ಕದಲ್ಲೇ ಟ್ಯಾಬಿ ಹೌಸ್ ಅಂತ ಹಳೇ ಮನೆ ಇದೆ, ಟ್ಯಾಬಿ ಅಂದ್ರೆ ಸಿಂಪಿ ಚಿಪ್ಪು ಸುಟ್ಟ ಸುಣ್ಣ, ಮರಳು, ನೀರು, ಇಡೀ ಚಿಪ್ಪು ಸೇರಿಸಿ ಎರಕ ಹೊಯ್ದ ಗೋಡೆ. ನಮ್ಮ ಕರಾವಳಿ ಕಡೆ ಚಿಪ್ಪಿನ ಸುಣ್ಣದ ಗಾರೆ ನೋಡಿದೋರು ಹತ್ರ ಹೋಗಿ ಮುಟ್ಟದೆ ನೋಡಿ, ಚಿಪ್ಪಿನ ಅಂಚು ಹಾಗೇ ಎದ್ದು ಕಾಣುತ್ತೆ.

ಉತ್ತರದ ತುದೀಲಿ ಪುಟ್ಟ ಮರದ ಚರ್ಚ್ ಇದೆ, ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚ್, ಗುಲಾಮಗಿರಿಯಿಂದ ಬಿಡುಗಡೆ ಆದವರ ವಸಾಹತಿನದ್ದು, 1996ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿ ಅವರ ಮಗ ಜಾನ್ ಮದುವೆ ಆಗಿದ್ದು ಅಲ್ಲೇ. ಅಲ್ಲಿಗೆ ನಡೆದು ಹೋಗಿ ಅದೇ ದಿನ ವಾಪಸ್ ಬರೋದು ಸೀ ಕ್ಯಾಂಪಿನವರ ಕೈಲಾಗಲ್ಲ. ಪಾರ್ಕಿನ ವ್ಯಾನ್ ಟೂರ್ ಇದೆ, ಲ್ಯಾಂಡ್ಸ್ ಆಂಡ್ ಲೆಗಸೀಸ್ ಅಂತ, ಐದಾರು ಗಂಟೆ ಹಿಡಿಯುತ್ತೆ, ಪ್ಲಮ್ ಆರ್ಚರ್ಡ್ ಬಂಗಲೆನೂ ತೋರಿಸ್ತಾರೆ, ಸೀಟು ಕಮ್ಮಿ, ಮುಂಚೆನೇ ಬುಕ್ ಮಾಡಿ. ಮಂಡಿ ನೋವಿರೋ ಹಿರಿಯರಿಗೆ ಇದೇ ಸರಿ.

10. ವಾಪಸ್

ಬೆಳಿಗ್ಗೆ ಬೇಗ ಟೆಂಟ್ ಬಿಚ್ಚಿ, ಇಬ್ಬನಿಗೆ ಒದ್ದೆ ಆಗಿರುತ್ತೆ, ಒಣಗಲಿ ಅಂತ ಕಾಯ್ತಾ ದೋಣಿ ತಪ್ಪಿಸ್ಕೋಬೇಡಿ, ಹಾಗೇ ಸುತ್ತಿ ಮನೇಲಿ ಒಣಗಿಸಿ. ಸ್ಟ್ಯಾಫರ್ಡಿಂದ ಬರೋರು ಎರಡೂವರೆ ಗಂಟೆ ಕೈಯಲ್ಲಿ ಇಟ್ಕೊಳ್ಳಿ, ಬ್ರಿಕ್‌ಹಿಲ್‌ನೋರು ಹಿಂದಿನ ದಿನಾನೇ ಅರ್ಧ ದಾರಿ ಬಂದು ಮಲಗೋ ಹಾಗೆ ಕ್ಯಾಂಪ್ ಬುಕ್ ಮಾಡ್ಕೊಳ್ಳಿ. ಕೊನೆ ದೋಣಿ ಹೋಯ್ತು ಅಂದ್ರೆ ಖಾಸಗಿ ಬೋಟ್ ಕರೆಸ್ಬೇಕು, ಅದರ ಖರ್ಚು ಪೂರ್ತಿ ನಿಮ್ಮದೇ.

ಮನೆಗೆ ಬಂದ ತಕ್ಷಣ ಬಟ್ಟೆ ಎಲ್ಲಾ ನೇರ ವಾಷಿಂಗ್ ಮಷೀನಿಗೆ ಹೋಗ್ಲಿ, ಸ್ನಾನ ಮಾಡೋವಾಗ ಕಂಕುಳು, ಮಂಡಿ ಹಿಂದೆ, ಕಿವಿ ಹಿಂದೆ, ಮಕ್ಕಳ ತಲೆಗೂದಲೊಳಗೆ ಉಣುಗು ಇದೆಯಾ ನೋಡಿ. ಸಿಕ್ರೆ ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರ ಎಳೀರಿ, ಎಣ್ಣೆ ಹಚ್ಚೋದು ಬೆಂಕಿಕಡ್ಡಿ ಇಡೋದು ಏನೂ ಬೇಡ. ಮುಂದಿನ ಕೆಲವು ವಾರದಲ್ಲಿ ಜ್ವರ ಬಂದ್ರೆ ಅಥವಾ ಕಚ್ಚಿದ ಕಡೆ ಕೆಂಪಾಗಿ ಹರಡಿದ್ರೆ ಡಾಕ್ಟರ್ ಹತ್ರ ಹೋಗಿ, ಉಣುಗು ಕಚ್ಚಿತ್ತು ಅನ್ನೋದನ್ನ ಮೊದಲು ಹೇಳಿ.